ಮೈ ತಂಪಾಗಿಟ್ಟ ರೋಗಿಗೆ ಯಾವ ಇಇಜಿ? ನಮ್ಮ ಕರಾವಳಿಯ ಐಸಿಯುಗಳಿಗೆ ಒಂದು ಹೋಲಿಕೆ

"ಅಲ್ಲ ತಂಗಿ, ಬೈತಖೋಲ ಬಂದರಲ್ಲಿ ಮೀನಿಗೆ ಐಸ್ ಹಾಕ್ದಂಗೆ ಹಾಕೀರಲ್ಲ. ಅದ್ರ ಮೇಲೆ ತಲೆಗೆ ಈ ವೈರು ಬೇರೆ ಎಂತಕ್ಕೆ?"

ಐಸಿಯು ಬಾಗಿಲಲ್ಲಿ ಹೀಗೆ ಕೇಳಿದ್ದು ಕಾರವಾರ ಕಡೆಯ ಒಬ್ಬ ಹೆಂಗಸು. ಬಂದರಿನಲ್ಲಿ ಬುಟ್ಟಿ ಇಳಿಸುತ್ತಿದ್ದಾಗ ಅವರ ಗಂಡ ಕುಸಿದು ಬಿದ್ದಿದ್ದರು. ಹಾರ್ಟ್ ನಿಂತಿತ್ತು. ಪಕ್ಕದವರು ಬಿಡದೆ ಎದೆ ಒತ್ತಿದರು. ಆಮೇಲೆ ಶಾಕ್ ಕೊಟ್ಟಾಗ ನಾಡಿ ವಾಪಸ್ ಬಂತು. ಎಚ್ಚರ ಮಾತ್ರ ಬರಲಿಲ್ಲ. ವೆಂಟಿಲೇಟರ್ ಹಾಕಿ, ಮೈಯನ್ನು 33 ಡಿಗ್ರಿಗೆ ಇಳಿಸಿ ಮಲಗಿಸಿದ್ದರು. ನಾನು ಇಇಜಿ ಟೆಕ್ನಿಷಿಯನ್. ತಲೆಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯೇ ಇಇಜಿ. ಕೈಯಲ್ಲಿ ಪೇಸ್ಟಿನ ಡಬ್ಬಿ ಹಿಡಿದು ಒಳಗೆ ಹೊರಟಿದ್ದೆ. ಅವತ್ತು ಅವರಿಗೆ ಎರಡೇ ಮಾತಲ್ಲಿ ಉತ್ತರ ಕೊಟ್ಟೆ. ಇಲ್ಲಿ ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ. ಯಾಕೆಂದರೆ ಅದೇ ಪ್ರಶ್ನೆಯನ್ನು ಬೇರೆ ಥರ ಸಿಸ್ಟರ್‌ಗಳೂ ಡ್ಯೂಟಿ ಡಾಕ್ಟರ್‌ಗಳೂ ಕೇಳುತ್ತಾರೆ: ಅರ್ಧ ಗಂಟೆಯ ಇಇಜಿ ಸಾಕಾ, ದಿನವಿಡೀ ಹಾಕಬೇಕಾ, ಹೊಸದಾಗಿ ಬಂದ ತಲೆಪಟ್ಟಿ ತರಿಸಿಕೊಳ್ಳೋಣವಾ?

ತಂಪು ಯಾಕೆ, ವೈರು ಯಾಕೆ

ಹಾರ್ಟ್ ನಿಂತಾಗ ಮೆದುಳಿಗೆ ರಕ್ತ ಹೋಗುವುದಿಲ್ಲ. ನಾಡಿ ಬಂದ ಮೇಲೂ ಮೆದುಳಿನ ಹಾನಿ ಕೆಲವು ದಿನ ಮುಂದುವರಿಯುತ್ತದೆ. ಜ್ವರ ಬಂದರೆ ಇನ್ನೂ ಜಾಸ್ತಿ. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದಿಂದ ಒಟ್ಟೊಟ್ಟಿಗೆ ಬಂದ ಎರಡು ಅಧ್ಯಯನಗಳು, ಮೈಯನ್ನು 32ರಿಂದ 34 ಡಿಗ್ರಿಗೆ ಇಳಿಸಿದರೆ ಮೆದುಳು ಹೆಚ್ಚು ಉಳಿಯುತ್ತದೆ ಎಂದವು. ಜಗತ್ತಿನ ಐಸಿಯುಗಳೆಲ್ಲ ಐಸ್ ಪ್ಯಾಕ್ ಹಿಡಿದು ನಿಂತವು. 2013ರಲ್ಲಿ 33 ಮತ್ತು 36 ಡಿಗ್ರಿಯನ್ನು ಹೋಲಿಸಿ ನೋಡಿದರು, ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸುಮಾರು 1,900 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ 33 ಡಿಗ್ರಿಗೂ ಬರೀ ಜ್ವರ ಬರದಂತೆ ನೋಡಿಕೊಳ್ಳುವುದಕ್ಕೂ ಹೋಲಿಕೆ ನಡೆಯಿತು. ಅಲ್ಲೂ ಸಮ. ನಡುವೆ 2019ರ ಫ್ರಾನ್ಸಿನ ಅಧ್ಯಯನವೊಂದು, ಹಾರ್ಟಿನ ತಾಳ ಶಾಕ್ ಕೊಟ್ಟು ಸರಿಮಾಡುವಂಥದ್ದಲ್ಲದ ರೋಗಿಗಳಲ್ಲಿ 33ರಿಂದ ಲಾಭ ಇದೆ ಎಂದಿತ್ತು. ಹಾಗಾಗಿ ಈಗ ಒಂದು ಐಸಿಯುನಲ್ಲಿ 33, ಇನ್ನೊಂದರಲ್ಲಿ 36, ಮತ್ತೊಂದರಲ್ಲಿ 37.7 ದಾಟದಂತೆ ಮೂರು ದಿನ ಕಾಯುವುದು. ಮನೆಯವರಿಗೆ ಇದು ಗೊಂದಲ. "ಅಲ್ಲಿ ಐಸ್ ಹಾಕಿದ್ರು, ಇಲ್ಲಿ ಹಾಕ್ಲಿಲ್ಲ" ಎಂದು ಜಗಳಕ್ಕೆ ಬರಬೇಡಿ. ಎರಡಕ್ಕೂ ಆಧಾರ ಇದೆ.

ಇಇಜಿಯ ವಿಷಯದಲ್ಲಿ ಮುಖ್ಯವಾದದ್ದು ಬೇರೆಯೇ. ಮೈ ತಂಪಾದರೆ ರೋಗಿ ನಡುಗುತ್ತಾನೆ. ನಡುಗಿದರೆ ಮೈ ಮತ್ತೆ ಬಿಸಿ. ಅದಕ್ಕೆ ನಿದ್ದೆಯ ಔಷಧ ಕೊಡುತ್ತಾರೆ, ಸಾಲದಿದ್ದರೆ ಸ್ನಾಯು ಸಡಿಲ ಮಾಡುವ ಇಂಜೆಕ್ಷನ್ ಕೊಡುತ್ತಾರೆ. ಆ ಇಂಜೆಕ್ಷನ್ ಬಿದ್ದ ಮೇಲೆ ಮೆದುಳಿನಲ್ಲಿ ಫಿಟ್ಸ್ ಕುದಿಯುತ್ತಿದ್ದರೂ ಕೈಕಾಲು ಒಂದಿಷ್ಟೂ ಅಲುಗುವುದಿಲ್ಲ. ರೋಗಿ ಶಾಂತವಾಗಿ ಮಲಗಿದ್ದಾನೆ ಅನ್ನಿಸುತ್ತದೆ. ಹಾರ್ಟ್ ನಿಂತು ಬದುಕಿ ಕೋಮಾದಲ್ಲಿರುವವರಲ್ಲಿ ನೂರಕ್ಕೆ 20ರಿಂದ 30 ಜನರಿಗೆ ಫಿಟ್ಸ್ ಬರುತ್ತದೆ. ಅದು ಹೊರಗೆ ಕಾಣದೇ ಇದ್ದಾಗ ಹಿಡಿಯಲು ಇರುವುದು ಇಇಜಿ ಒಂದೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ತಂಪಿನಿಂದಲೇ ಮೆದುಳಿನ ಅಲೆ ಚಪ್ಪಟೆಯಾಗುತ್ತದೆ, ಆದ್ದರಿಂದ ಬಿಸಿಯಾಗುವ ತನಕ ಇಇಜಿ ಮಾಡಿ ಪ್ರಯೋಜನ ಇಲ್ಲ ಅಂತ. 33 ಡಿಗ್ರಿಯಲ್ಲಿ ಅಲೆಗಳು ಅಷ್ಟೇನೂ ಬದಲಾಗುವುದಿಲ್ಲ. ಹಾರ್ಟ್ ಆಪರೇಷನ್‌ಗೆ 20 ಡಿಗ್ರಿಯ ಆಸುಪಾಸಿಗೆ ಇಳಿಸಿದಾಗಿನ ಮಾತು ಬೇರೆ. ಐಸಿಯುನಲ್ಲಿ ಅಲೆಯನ್ನು ತಗ್ಗಿಸುವುದು ಜಾಸ್ತಿ ಮಟ್ಟಿಗೆ ನಿದ್ದೆಯ ಔಷಧ, ಪ್ರೊಪೊಫೋಲ್, ಮಿಡಜೋಲಾಮ್ ಇತ್ಯಾದಿ. ತಂಪಿನಲ್ಲೇ ಮಾಡಿದ ಇಇಜಿಗೂ ಬೆಲೆ ಇದೆ. ಮೊದಲ 12ರಿಂದ 24 ಗಂಟೆಯೊಳಗೆ ಅಲೆಗಳು ಬಿಟ್ಟೂ ಬಿಡದೆ ಹರಿಯಲು ಶುರುವಾದರೆ ಅದು ಒಳ್ಳೆಯ ಸೂಚನೆ.

ಅರ್ಧ ಗಂಟೆಯ ಇಇಜಿ

ಇದು ಎಲ್ಲರಿಗೂ ಗೊತ್ತಿರುವುದು. ತಲೆಯನ್ನು ಟೇಪ್ ಹಿಡಿದು ಅಳೆದು, 21 ಕಡೆ ಸಣ್ಣ ಬಟ್ಟಲಿನಂಥ ಇಲೆಕ್ಟ್ರೋಡ್ ಅಂಟಿಸಿ, 20ರಿಂದ 30 ನಿಮಿಷ ರೆಕಾರ್ಡ್ ಮಾಡುತ್ತೇವೆ. ಹೇಳುವಾಗ ಸುಲಭ. ಕೈಗೆ ಬಂದಾಗ ನಮ್ಮೂರಿನ ಮೊದಲ ಶತ್ರು ತೆಂಗಿನೆಣ್ಣೆ. ಕರಾವಳಿಯ ತಲೆ ಅಂದರೆ ಎಣ್ಣೆ ತಲೆ. ಪೇಸ್ಟ್ ಹಚ್ಚಿದರೆ ಬಟ್ಟಲು ಜಾರಿ ದಿಂಬಿನ ಮೇಲೆ ಬೀಳುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಕೂದಲು ಬಿಡಿಸಿ, ಬೈತಲೆ ತೆಗೆದು, ಚರ್ಮ ಉಜ್ಜಿ, ಒರೆಸಿ, ಮತ್ತೆ ಹಚ್ಚಬೇಕು. ಬರೀ ಅಂಟಿಸಲಿಕ್ಕೇ ಮುಕ್ಕಾಲು ಗಂಟೆ ಹೋದ ದಿನಗಳಿವೆ. ಆದ್ದರಿಂದ ಐಸಿಯುನಲ್ಲಿರುವವರ ತಲೆಗೆ "ತಂಪಿಗೆ ಒಳ್ಳೇದು" ಎಂದು ಎಣ್ಣೆ ತಟ್ಟಲು ಬರುವ ಅಜ್ಜಿಯನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ.

ಎರಡನೆಯ ಶತ್ರು ಕರೆಂಟ್. ಮಳೆಗಾಲದಲ್ಲಿ ಲೈನ್ ಹೋಗಿ ಜನರೇಟರ್ ಶುರುವಾದ ಕೂಡಲೇ ಪರದೆಯ ತುಂಬ 50 ಹರ್ಟ್ಸ್‌ನ ದಪ್ಪ ಪಟ್ಟಿ. ಕೂಲಿಂಗ್ ಬ್ಲಾಂಕೆಟ್ಟಿನ ಪಂಪು, ವೆಂಟಿಲೇಟರ್ ಕೊಳವೆಯಲ್ಲಿ ನಿಂತ ನೀರು, ರೋಗಿಯ ನಡುಕ, ಎಲ್ಲವೂ ಅಲೆಯ ವೇಷ ಹಾಕಿಕೊಂಡು ಬರುತ್ತವೆ. ಒಮ್ಮೆ ಲಯಬದ್ಧವಾಗಿ ಬರುತ್ತಿದ್ದ ಚಂದದ ಅಲೆಯನ್ನು ಫಿಟ್ಸ್ ಎಂದು ಗುರುತು ಹಾಕಿದ್ದೆ. ಕೊಳವೆಯ ನೀರು ಚೆಲ್ಲಿದ ಮೇಲೆ ಫಿಟ್ಸ್ ವಾಸಿಯಾಯಿತು! ಟೆಕ್ನಿಷಿಯನ್ ಮಂಚದ ಪಕ್ಕ ನಿಂತು ಇಂಥದ್ದನ್ನೆಲ್ಲ ಬರೆದಿಡುತ್ತಾರೆ ನೋಡಿ, ಈ ಪದ್ಧತಿಯ ದೊಡ್ಡ ಬಲ ಅದೇ.

ಕೊರತೆ ಏನು ಅಂದರೆ, ದಿನದ 24 ಗಂಟೆಯಲ್ಲಿ ಅರ್ಧ ಗಂಟೆ ಮಾತ್ರ ಕಿಟಕಿ ತೆರೆದಿರುತ್ತದೆ. ಉಳಿದ ಹೊತ್ತಿನಲ್ಲಿ ಬಂದು ಹೋದ ಫಿಟ್ಸ್ ಗೊತ್ತಾಗುವುದಿಲ್ಲ. ಅದಕ್ಕೆ ಒಮ್ಮೆ ಮಾಡಿ ಕೈಬಿಡಬಾರದು. ತಂಪಿನಲ್ಲಿರುವಾಗ, ಮೊದಲ ದಿನ ಮುಗಿಯುವುದರೊಳಗೆ ಒಂದು. ಮೈ ಬಿಸಿಯಾಗಿ ನಿದ್ದೆಯ ಔಷಧ ಇಳಿಸಿದ ಮೇಲೆ ಇನ್ನೊಂದು. ಕಡಿಮೆಯೆಂದರೂ ಎರಡು.

ಎರಡು ಸಾಕಾಗುತ್ತದಾ ಎಂಬ ಪ್ರಶ್ನೆಗೆ 2020ರಲ್ಲಿ ಸ್ವಿಟ್ಜರ್ಲೆಂಡಿನಿಂದ ಒಂದು ಅಧ್ಯಯನ ಬಂತು. ಪ್ರಜ್ಞೆ ತಪ್ಪಿದ ಐಸಿಯು ರೋಗಿಗಳಲ್ಲಿ ಒಂದು ಗುಂಪಿಗೆ 30ರಿಂದ 48 ಗಂಟೆ ನಿರಂತರ ಇಇಜಿ, ಇನ್ನೊಂದು ಗುಂಪಿಗೆ 20 ನಿಮಿಷದ್ದು ಎರಡು ಸಲ. ನಿರಂತರ ಹಾಕಿದಲ್ಲಿ ಫಿಟ್ಸ್ ಜಾಸ್ತಿ ಸಿಕ್ಕಿತು, ಔಷಧವನ್ನೂ ಜಾಸ್ತಿ ಸಲ ಬದಲಿಸಿದರು. ಆರು ತಿಂಗಳಿಗೆ ಲೆಕ್ಕ ನೋಡಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ನಿರಂತರ ಇಇಜಿ ಬೇಡ ಎಂದು ಇದರ ಅರ್ಥವಲ್ಲ. ಆದರೆ "ನಮ್ಮಲ್ಲಿ ಆ ಮಷಿನ್ ಇಲ್ಲ, ಮುಗಿಯಿತು ಕಥೆ" ಎಂದು ಕೈಚೆಲ್ಲುವ ಅಗತ್ಯವೂ ಇಲ್ಲ.

ದಿನವಿಡೀ ಹಾಕುವ ಇಇಜಿ

ಅನುಕೂಲ ಇದ್ದರೆ ಇದೇ ಮೇಲು ಎನ್ನುವುದರಲ್ಲಿ ತಕರಾರಿಲ್ಲ. ವೈರು, ವಿಡಿಯೊ ಎರಡೂ ಒಂದು ದಿನವೋ ಎರಡು ದಿನವೋ ಓಡುತ್ತಲೇ ಇರುತ್ತವೆ. ಔಷಧ ಇಳಿಸಿದಾಗ ಅಲೆ ಹೇಗೆ ಎದ್ದಿತು, ನಡುರಾತ್ರಿ ಫಿಟ್ಸ್ ಬಂತಾ, ಕೊಟ್ಟ ಔಷಧಕ್ಕೆ ಅದು ಅಡಗಿತಾ, ಎಲ್ಲ ಕಾಣುತ್ತದೆ.

ಆದರೆ ಒಂದು ರಾತ್ರಿಯ ಕಥೆ ಹೇಳಲೇಬೇಕು. ಹಿಂದೆ ನಾನು ಕೆಲಸ ಮಾಡಿದ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ರೋಗಿಯನ್ನು 33ರಿಂದ ನಿಧಾನಕ್ಕೆ ಬಿಸಿ ಮಾಡುತ್ತಿದ್ದರು. ಗಂಟೆಗೆ ಕಾಲು ಡಿಗ್ರಿ ಲೆಕ್ಕ ಹಿಡಿದರೆ 37 ಮುಟ್ಟಲು 16 ಗಂಟೆ. ಸಂಜೆ ಎಲ್ಲ ಸರಿ ಇದೆ ಎಂದು ನೋಡಿ ನಾನು ಮನೆಗೆ ಹೋದೆ. ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿಯ ರೆಕಾರ್ಡ್ ಹಿಂದಕ್ಕೆ ಓಡಿಸಿದರೆ, ಎರಡು ಗಂಟೆ ಹತ್ತು ನಿಮಿಷಕ್ಕೆ ಫಿಟ್ಸ್ ಶುರುವಾಗಿದೆ. ನಾನು ನೋಡುತ್ತಿದ್ದಾಗಲೂ ನಡೆಯುತ್ತಲೇ ಇತ್ತು. ಆರು ಗಂಟೆಗೆ ಹತ್ತಿರ. ವಿಡಿಯೊದಲ್ಲಿ ಸಿಸ್ಟರ್ ಎರಡು ಸಲ ಬಂದು ಡ್ರಿಪ್ ನೋಡಿ ಹೋಗಿದ್ದಾರೆ. ರೋಗಿ ಅಲುಗಿಲ್ಲ, ಅವರಿಗೆ ಗೊತ್ತಾಗುವುದಾದರೂ ಹೇಗೆ? ಮಷಿನ್ ತನ್ನ ಕೆಲಸ ಮಾಡಿತ್ತು. ರೆಕಾರ್ಡ್ ಬಹಳ ಚೊಕ್ಕವಾಗಿತ್ತು. ನೋಡುವವರು ಇರಲಿಲ್ಲ, ಅಷ್ಟೇ.

ಅವತ್ತಿನಿಂದ ಇಇಜಿ ಆರಿಸುವಾಗ ನಾನು ವೈರಿನ ಲೆಕ್ಕ ಕೇಳುವುದಿಲ್ಲ. ರಾತ್ರಿ ಓದುವವರು ಯಾರು ಎಂದು ಕೇಳುತ್ತೇನೆ. ನಿರಂತರ ಇಇಜಿ ಹಾಕಿ ಬೆಳಿಗ್ಗೆ ಒಮ್ಮೆ ಮಾತ್ರ ನೋಡುವುದಾದರೆ ಅದಕ್ಕಿಂತ ರಾತ್ರಿ ಹತ್ತಕ್ಕೆ ಮತ್ತು ಬೆಳಗ್ಗೆ ಆರಕ್ಕೆ ಅರ್ಧರ್ಧ ಗಂಟೆ ಮಾಡಿ ಆಗಲೇ ಓದಿಸುವುದು ಮೇಲು. ನಡುವಿನ ದಾರಿಯೂ ಇದೆ. ರೆಕಾರ್ಡ್ ಸುಮ್ನೆ ಓಡುತ್ತಿರಲಿ, ನಾಲ್ಕು ಅಥವಾ ಆರು ಗಂಟೆಗೊಮ್ಮೆ ಊರ ಹೊರಗಿನ ನರರೋಗ ತಜ್ಞರು ಕಂಪ್ಯೂಟರಿನಲ್ಲಿ ತೆರೆದು ನೋಡಲಿ. ಒಂದೇ ದಿನ ಹಾಕಲು ಸಾಧ್ಯ ಅನ್ನುವುದಾದರೆ ಬಿಸಿ ಮಾಡುವ ಹೊತ್ತನ್ನು ಆರಿಸಿ. ಔಷಧ ಇಳಿಯುವುದು ಆಗಲೇ, ಅಡಗಿದ್ದ ಫಿಟ್ಸ್ ತಲೆ ಎತ್ತುವುದೂ ಆಗಲೇ.

ಕಂಡದ್ದಕ್ಕೆಲ್ಲ ಮದ್ದು ಸುರಿಯಬೇಕಾ ಎಂಬುದು ಇನ್ನೊಂದು ಪ್ರಶ್ನೆ. 2022ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ 172 ರೋಗಿಗಳ ಅಧ್ಯಯನ ಪ್ರಕಟವಾಯಿತು. ಇಇಜಿಯಲ್ಲಿ ಒಂದೇ ಸಮನೆ ಮರುಕಳಿಸುವ ಕೆಟ್ಟ ವಿನ್ಯಾಸ ಕಂಡವರಿಗೆ ಒಂದು ಗುಂಪಿನಲ್ಲಿ ಜೋರಾಗಿ ಔಷಧ ಕೊಟ್ಟು ಎರಡು ದಿನ ಅಡಗಿಸಿದರು. ಮೂರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಹತ್ತರಲ್ಲಿ ಒಂಬತ್ತು ಜನರ ಸ್ಥಿತಿ ಕೆಟ್ಟದ್ದೇ ಆಗಿತ್ತು. ಅವರಲ್ಲಿ ಹೆಚ್ಚಿನವರದು ನೇರ ಫಿಟ್ಸ್ ಅಲ್ಲ, ಹಾನಿಯಾದ ಮೆದುಳಿನ ಮಿಡಿತದಂಥ ಅಲೆ. ನಿಜವಾದ ಫಿಟ್ಸ್‌ಗೆ ಚಿಕಿತ್ಸೆ ಬೇಕೇ ಬೇಕು. ಯಾವುದು ಯಾವುದು ಎಂದು ಬೇರ್ಪಡಿಸಲು ಮತ್ತೆ ಓದುವವರೇ ಬೇಕು, ಅಲ್ವಾ?

ಸಣ್ಣ ಮಾತೊಂದು. ಎರಡು ದಿನ ಒಂದೇ ಜಾಗದಲ್ಲಿ ಕೂತ ಬಟ್ಟಲು ಚರ್ಮ ಕೆಡಿಸುತ್ತದೆ. ತಂಪಿನಲ್ಲಿ ಚರ್ಮಕ್ಕೆ ರಕ್ತ ಮೊದಲೇ ಕಮ್ಮಿ. ತಲೆಯ ಹಿಂಭಾಗ ದಿಂಬಿಗೆ ಒತ್ತುವ ಕಡೆ ದಿನಕ್ಕೊಮ್ಮೆ ಎತ್ತಿ ನೋಡಿ.

ತಲೆಗೆ ಕಟ್ಟುವ ಪಟ್ಟಿ

ಇತ್ತೀಚೆಗೆ ಹಣೆಯ ಸುತ್ತ ಪಟ್ಟಿಯಂತೆ ಕಟ್ಟುವ ಇಇಜಿ ಬಂದಿದೆ. ಸುಮಾರು ಹತ್ತು ಇಲೆಕ್ಟ್ರೋಡ್. ಟೆಕ್ನಿಷಿಯನ್ ಬೇಡ, ತರಬೇತಾದ ಸಿಸ್ಟರ್ ಹತ್ತು ನಿಮಿಷದಲ್ಲಿ ಕಟ್ಟಬಹುದು. ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕುವ ವಸ್ತು, ಆದರೂ ನ್ಯಾಯವಾಗಿ ಹೇಳಬೇಕು. ರಾತ್ರಿ ಎರಡಕ್ಕೆ ಫಿಟ್ಸ್ ಇದೆಯಾ ಇಲ್ಲವಾ ಎಂಬ ಒಂದೇ ಪ್ರಶ್ನೆಗೆ ಇದು ಒಳ್ಳೆಯ ಉತ್ತರ ಕೊಡುತ್ತದೆ. ಬೆಳಗಾಗುವ ತನಕ ನನಗೆ ಕಾಯುವುದಕ್ಕಿಂತ ಎಷ್ಟೋ ಮೇಲು.

ಆದರೆ ಪಟ್ಟಿ ಸುತ್ತಲೂ ಇರುತ್ತದೆ, ನೆತ್ತಿಯ ಮೇಲೆ ಏನೂ ಇರುವುದಿಲ್ಲ. ಹಾರ್ಟ್ ನಿಂತವರಲ್ಲಿ ಇದು ಸಣ್ಣ ಕೊರತೆಯಲ್ಲ. ಇಂಥ ರೋಗಿಗಳಿಗೆ ಬರುವ ಬೆಚ್ಚಿಬೀಳುವಂಥ ಸೆಳೆತದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಮೆದುಳಿನ ಹಿನ್ನೆಲೆ ಅಲೆಯೇ ಸತ್ತಿರುತ್ತದೆ, ಆಸೆ ಕಮ್ಮಿ. ಇನ್ನೊಂದರಲ್ಲಿ ಹಿನ್ನೆಲೆ ಅಲೆ ಹರಿಯುತ್ತಿರುತ್ತದೆ, ನೆತ್ತಿಯ ನಡುವೆ ಚೂಪಾದ ಮೊನೆಗಳು ಏಳುತ್ತವೆ. ಈ ಎರಡನೆಯ ಬಗೆಯವರಲ್ಲಿ ಕೆಲವರು ಎದ್ದು ಮನೆಗೆ ಹೋಗುತ್ತಾರೆ. ಆ ಮೊನೆ ಕಾಣುವುದು ನೆತ್ತಿಯಲ್ಲಿ. ಆದ್ದರಿಂದ ಪಟ್ಟಿಯಲ್ಲಿ ಶುರು ಮಾಡಿ. ಪಟ್ಟಿಯನ್ನಷ್ಟೇ ನೋಡಿ "ಇನ್ನು ಆಸೆ ಇಲ್ಲ" ಎನ್ನಬೇಡಿ.

ಹುಟ್ಟಿದಾಗ ಅಳದ ಮಗು

ಮಕ್ಕಳ ಲೆಕ್ಕವೇ ಬೇರೆ. ಹೆರಿಗೆಯಲ್ಲಿ ಉಸಿರುಗಟ್ಟಿದ ತಿಂಗಳು ತುಂಬಿದ ಮಗುವನ್ನು ಹುಟ್ಟಿದ 6 ಗಂಟೆಯೊಳಗೆ 33.5 ಡಿಗ್ರಿಗೆ ಇಳಿಸಿ 72 ಗಂಟೆ ಇಡುವುದು ರೂಢಿ. ಇಲ್ಲಿ ನನ್ನ ಮೊದಲ ಆಯ್ಕೆ ಎಇಇಜಿ. ಎರಡು ಅಥವಾ ನಾಲ್ಕು ಇಲೆಕ್ಟ್ರೋಡ್ ಸಾಕು. ಮೆದುಳಿನ ಅಲೆಯನ್ನು ಒತ್ತಿ ಕುಗ್ಗಿಸಿ, ಒಂದು ಗಂಟೆಯನ್ನು ಸುಮಾರು ಆರು ಸೆಂಟಿಮೀಟರ್ ಪಟ್ಟಿಯಲ್ಲಿ ತೋರಿಸುತ್ತದೆ. ಪಟ್ಟಿಯ ಕೆಳ ಅಂಚು 5 ಮೈಕ್ರೊವೋಲ್ಟ್‌ಗಿಂತ ಮೇಲೆ, ಮೇಲಂಚು 10ಕ್ಕಿಂತ ಮೇಲೆ ಇದ್ದರೆ ಸಮಾಧಾನ. ಕೆಳ ಅಂಚು ಗರಗಸದ ಹಲ್ಲಿನಂತೆ ಏರಿಳಿದರೆ ಫಿಟ್ಸ್ ಇರಬಹುದು. ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಸಿಸ್ಟರ್‌ಗಳು ಇದನ್ನು ಕೆಲವೇ ದಿನದಲ್ಲಿ ಕಲಿಯುತ್ತಾರೆ, ನಾನೇ ಕಲಿಸಿದ್ದೇನೆ.

ಮೋಸ ಹೋಗುವ ಜಾಗವೂ ಇದೆ. ಮಗುವಿನ ಹಾರ್ಟಿನ ಮಿಡಿತ ವೈರಿಗೆ ಸೇರಿಕೊಂಡರೆ ಕೆಳ ಅಂಚು ಸುಳ್ಳಾಗಿ ಮೇಲೇಳುತ್ತದೆ. ಚಪ್ಪಟೆಯಾದ ಮೆದುಳು ಚೆನ್ನಾಗಿರುವಂತೆ ಕಾಣುತ್ತದೆ. ಪಟ್ಟಿಯ ಕೆಳಗೆ ಓಡುವ ಕುಗ್ಗಿಸದ ಅಲೆಯನ್ನೂ ನೋಡಲೇಬೇಕು. ಅರ್ಧ ನಿಮಿಷಕ್ಕಿಂತ ಚಿಕ್ಕ ಫಿಟ್ಸ್ ಇದರಲ್ಲಿ ತಪ್ಪಿಹೋಗುತ್ತದೆ. ಸಂಶಯ ಬಂದರೆ ಪೂರ್ತಿ ಇಇಜಿ.

ಜೋಯಿಡಾದಿಂದಲೋ ಸಿದ್ದಾಪುರದಿಂದಲೋ ಮಗುವನ್ನು ಸಾಗಿಸುವಾಗ ದಾರಿಯಲ್ಲಿ ನೀವೇ ಐಸ್ ಇಡಬೇಡಿ. 2021ರಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳ 408 ಶಿಶುಗಳ ಅಧ್ಯಯನದಲ್ಲಿ ತಂಪಿನಿಂದ ಲಾಭ ಸಿಗಲಿಲ್ಲ, ತಂಪು ಮಾಡಿದ ಗುಂಪಿನಲ್ಲೇ ಸಾವು ಜಾಸ್ತಿ ಇತ್ತು. ತಂಪು ಮಾಡಬೇಕಾ ಎಂಬುದನ್ನು ಎನ್‌ಐಸಿಯು ಡಾಕ್ಟರೇ ನಿರ್ಧರಿಸಲಿ.

ಹಣೆಗೆ ಸ್ಟಿಕ್ಕರ್, ಪರದೆಯಲ್ಲಿ ಒಂದು ನಂಬರ್

ಅದು ಬಿಐಎಸ್. 0ರಿಂದ 100ರ ತನಕ ಅಂಕಿ ತೋರಿಸುತ್ತದೆ. ಆಪರೇಷನ್ ಟೇಬಲ್ ಮೇಲೆ ಅರಿವಳಿಕೆಯ ಆಳ ನೋಡಲು ಮಾಡಿದ್ದು, ಅಲ್ಲಿ 40ರಿಂದ 60 ಇರಲಿ ಎನ್ನುತ್ತಾರೆ. ನಡುಗಿದರೆ ಅಂಕಿ ಏರುತ್ತದೆ, ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಟ್ಟರೆ ಇಳಿಯುತ್ತದೆ. ಫಿಟ್ಸ್ ಹಿಡಿಯಲು ಇದನ್ನು ನಂಬಬೇಡಿ. ನಿದ್ದೆಯ ಔಷಧ ಅತಿಯಾಯಿತಾ ಎಂದು ನೋಡಲು ಇಟ್ಟುಕೊಳ್ಳಿ.

ನಮ್ಮ ರಸ್ತೆಯ ಲೆಕ್ಕ

ಮಂಗಳೂರು, ಬೆಂಗಳೂರಿನವರಿಗೆ ಈ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ನಮಗೆ ಮುಗಿಯುವುದಿಲ್ಲ. ಕಾರವಾರದಿಂದ ಗೋವಾ ಮೆಡಿಕಲ್ ಕಾಲೇಜಿರುವ ಬಾಂಬೋಳಿಗೆ ಸುಮಾರು 100 ಕಿಲೋಮೀಟರ್. ಶಿರಸಿಯಿಂದ ಹುಬ್ಬಳ್ಳಿಗೂ ಅಷ್ಟೇ. ಭಟ್ಕಳದಿಂದ ಮಣಿಪಾಲಕ್ಕೆ 90ರ ಹತ್ತಿರ. ಇದು ರಸ್ತೆ ಇದ್ದಾಗಿನ ಲೆಕ್ಕ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮುಚ್ಚಿದಾಗ ಅಂಕೋಲಾ, ಕುಮಟಾ ನಡುವಿನ ಜನ ಎಷ್ಟು ಸುತ್ತು ಹಾಕಿದರು ಎಂದು ಯಾರೂ ಮರೆತಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ನಮ್ಮ ಉತ್ತರ ಕನ್ನಡ ಜಿಲ್ಲೆ ಕೂಗುತ್ತಲೇ ಇದೆ. ಬರುವಾಗ ಬರಲಿ, ಅಲ್ಲಿಯ ತನಕ ಇರುವುದರಲ್ಲೇ ಆರಿಸಬೇಕಲ್ಲ.

ಬರೀ ಇಇಜಿಗೋಸ್ಕರ, ಬಿಪಿ ನಿಲ್ಲದ ರೋಗಿಯನ್ನು ಮೊದಲ ರಾತ್ರಿಯೇ ಘಟ್ಟ ಹತ್ತಿಸಬಾರದು ಎಂಬುದು ನನ್ನ ಅಭಿಪ್ರಾಯ. ಜ್ವರ ತಡೆಯುವುದು, ಬಿಪಿ, ಆಕ್ಸಿಜನ್ ನೋಡಿಕೊಳ್ಳುವುದು ಇಲ್ಲೇ ಆಗುತ್ತದೆ. ಇಲ್ಲೇ ಅರ್ಧ ಗಂಟೆಯ ಇಇಜಿ ಮಾಡಿ ಫೈಲ್ ಕಳಿಸಿ. ವಿಡಿಯೊ ಇಲ್ಲದ ಫೈಲ್ ದೊಡ್ಡದೇನಲ್ಲ, ಶಿರಸಿಯ ನೆಟ್‌ವರ್ಕಿನಲ್ಲೂ ಹೋಗುತ್ತದೆ. ಪರದೆಯ ಫೋಟೊ ತೆಗೆದು ವಾಟ್ಸಾಪ್ ಮಾಡಬೇಡಿ. ಹತ್ತು ಸೆಕೆಂಡಿನ ಓರೆ ಫೋಟೊ ನೋಡಿ ಯಾವ ಡಾಕ್ಟರೂ ನಿಮ್ಮ ಮನೆಯವರ ಬಗ್ಗೆ ಏನೂ ಹೇಳಲಾರರು. ಹೇಳಿದರೆ ನಂಬಲೂ ಬೇಡಿ. ಫಿಟ್ಸ್ ಇದೆ, ಎರಡು ಔಷಧಕ್ಕೂ ಬಗ್ಗುತ್ತಿಲ್ಲ ಎಂದಾದರೆ ಮಾತು ಬೇರೆ. ಆಗ ದಿನವಿಡೀ ಇಇಜಿ ನೋಡುವ ಜನ ಇರುವ ಕಡೆಗೆ ಹೊರಡಿ. ಹೊರಡುವ ಮೊದಲು ಫೋನ್ ಮಾಡಿ, ಬೆಡ್ ಇದೆಯಾ ಎಂದು ಕೇಳಿದ ಉಸಿರಿನಲ್ಲೇ ರಾತ್ರಿ ಓದುವವರು ಇದ್ದಾರಾ ಎಂದೂ ಕೇಳಿ. ಬಿಲ್ಲು ದಿನದ ಲೆಕ್ಕವಾ, ಸಲದ ಲೆಕ್ಕವಾ, ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದಾ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಆ ಬಂದರಿನ ಹೆಂಗಸು ಕೊನೆಗೆ ಕೇಳಿದ್ದು ಎಲ್ಲರೂ ಕೇಳುವುದನ್ನೇ: "ಏಳ್ತಾರಾ?" ಇಇಜಿ ಒಂದರಿಂದ ಅದಕ್ಕೆ ಉತ್ತರ ಹೇಳುವಂತಿಲ್ಲ. 72 ಗಂಟೆ ಕಳೆದ ಮೇಲೆ, ಔಷಧ ಮೈಯಿಂದ ಇಳಿದ ಮೇಲೆ, ಕಣ್ಣಿನ ಪಾಪೆ, ಸ್ಕ್ಯಾನ್, ರಕ್ತ ಪರೀಕ್ಷೆ, ಇಇಜಿ ಎಲ್ಲ ಸೇರಿಸಿಯೇ ಡಾಕ್ಟರ್ ಮಾತಾಡಬೇಕು. ತಂಪಿನಲ್ಲಿ ಲಿವರ್ ನಿಧಾನ, ಮಿಡಜೋಲಾಮ್ ನಿಂತ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಹಾಗಾಗಿ ಶಿಫ್ಟ್ ಮಾಡುವಾಗ ಡಿಸ್ಚಾರ್ಜ್ ಚೀಟಿಯ ಜೊತೆ ಪೆನ್‌ಡ್ರೈವ್‌ನಲ್ಲಿ ಇಇಜಿ ಇರಲಿ, ಟೆಂಪರೇಚರ್ ಚಾರ್ಟ್ ಇರಲಿ. ನಿದ್ದೆಯ ಔಷಧ ಮತ್ತು ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊನೆಯ ಸಲ ಕೊಟ್ಟದ್ದು ಎಷ್ಟು ಗಂಟೆಗೆ, ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ. ಅಲ್ಲಿ ಮಾಡುವ ಹೊಸ ಇಇಜಿ ಚಪ್ಪಟೆ ಬಂದರೆ, ಅದು ಮೆದುಳಿನದಾ ಮದ್ದಿನದಾ ಎಂದು ತೂಗಿ ನೋಡಲು ಆ ಒಂದು ಸಾಲು ಬೇಕಾಗುತ್ತದೆ.